ತಲೆಗೊಂದು ಫೆಟಾ

ಜಹೀರಾಬಾದಿನ ಧನರಾಜನಿಗೆ ಗೊತ್ತಿಲ್ಲದ ಸಂಗತಿ ಈ ಭೂಮಿಯ ಮೇಲೆ ಯಾವುದೂ ಇರಲಿಲ್ಲ. ಇದ್ದರೂ, ಅಂಥದೊಂದು ಇದೆಯೆಂಬುದು ಅವನಿಗೆ ಗೊತ್ತಿರಲಿಲ್ಲ.

ಹೆದ್ದಾರಿಗೆ ಮುಖ ಮಾಡಿ ಅವನದೊಂದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಗಿರಾಕಿ ಬಂದು, "ಸಾವಕಾರ್ರ, ಗೇರಿನ ಕೆಳಗ ದುಂಡಗ ಒಂದು ಇರ್ತದಲ್ಲ..." ಎನ್ನುವಷ್ಟರಲ್ಲಿ "ಗೊತ್ತಾತು, ಗೊತ್ತಾತು" ಎಂದು ಒಳಗೆ ಹೋಗಿ, ದುಂಡಗಿದ್ದ ಏನನ್ನಾದರೂ ತಂದು ಕೈಗಿಡುತ್ತಿದ್ದ. ಆ ಸೀಮೆಯ ಎಷ್ಟೋ ಟ್ರ್ಯಾಕ್ಟರುಗಳು ಇಂದಿಗೂ ಕಬ್ಬು ಹೊರುತ್ತಿದ್ದರೆ ಅದು ಶಿವನ ಕೃಪೆಯೇ ಹೊರತು ಧನರಾಜನ ಜ್ಞಾನವಲ್ಲ.

ಇಂಥವನ ಮಗಳು ಶಿವಕಾಂತಾಳಿಗೆ ತಾಂಡೂರಿನಿಂದ ಸಂಬಂಧ ಕೂಡಿಬಂತು. ಹುಡುಗ ಸಂಗು, ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ಅಡುಗೆಯವನು. ಮಾತು ಕಡಿಮೆ, ಕೈಕೆಲಸ ಚೊಕ್ಕ. ಅವನ ತಾಯಿ ಶಕುಂತಲಾಬಾಯಿ ತಾಂಡೂರಿನ ಕಲ್ಲಿನ ವ್ಯಾಪಾರವನ್ನು ಒಬ್ಬಳೇ ನಡೆಸುವ ಗಟ್ಟಿಗಿತ್ತಿ. ಆಕೆ ಮಗನಿಗೆ ನೋಡಿದ ಎರಡು ಸಂಬಂಧಗಳನ್ನು ಊಟದ ಎಲೆಯಿಂದಲೇ ಎದ್ದು ಮುರಿದುಕೊಂಡು ಬಂದಿದ್ದಳು. ಒಂದು ಕಡೆ ಹೋಳಿಗೆ ಬಡಿಸಿ ತುಪ್ಪ ತರುವುದಕ್ಕೆ ತಡ ಮಾಡಿದರು. ಇನ್ನೊಂದು ಕಡೆ ಫ್ಯಾನು ಹೆಣ್ಣಿನವರ ಕಡೆಗೇ ತಿರುಗಿತ್ತು. ಹೀಗಾಗಿ ನಿಶ್ಚಿತಾರ್ಥದ ದಿನ ಗೊತ್ತಾದಂದಿನಿಂದ ಧನರಾಜನ ಹೆಂಡತಿ ಪ್ರೇಮಲಾಳಿಗೆ ನಿದ್ದೆ ಇರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಗೆ ಸಂಗುವಿನ ಫೋನು ಬಂತು. ಮುಂದೆ ಲಾರಿಗಳ ಸಾಲು, ಹಾರ್ನಿನ ಸದ್ದು.

"ಮಾಮಾ, ನಿಶ್ಚಯದ ದಿನ ನಾ ಎಲ್ಲರಿಗೂ ಒಂದು ಸ್ಪೆಷಲ್ ಮಾಡಿ ಕೊಡಬೇಕಂತೀನ್ರಿ. ಅದಕ್ಕ ಫೆಟಾ ಚೀಸ್ ಬೇಕಾಗ್ತದ. ನಾನೇ ಹೈದರಾಬಾದಿಂದ ತರ್ಲೇನ್ರಿ?"

ಇಲ್ಲಿ ಎರಡು ಮಾತು ಹೇಳಲೇಬೇಕು. ಫೆಟಾ ಎಂಬುದು ಗ್ರೀಸ್ ದೇಶದ ಚೀಸ್. ಕುರಿಯ ಹಾಲನ್ನು ಒಡೆಸಿ, ಗಡ್ಡೆ ಕಟ್ಟಿಸಿ, ತುಂಡು ಮಾಡಿ ಉಪ್ಪುನೀರಿನಲ್ಲಿ ಮುಳುಗಿಸಿಡುತ್ತಾರೆ. ನೋಡಲು ಪನೀರಿನಂತೆ ಬೆಳ್ಳಗೆ, ಮುಟ್ಟಿದರೆ ಪುಡಿಪುಡಿ. ಸೌತೆಕಾಯಿ, ಟೊಮ್ಯಾಟೊ ಹೆಚ್ಚಿ ಮೇಲೆ ಉದುರಿಸಿಕೊಂಡು ತಿನ್ನುತ್ತಾರೆ. ಇನ್ನು ನಮ್ಮ ಸೀಮೆಯಲ್ಲಿ ಫೇಟಾ ಎಂದರೆ ತಲೆಗೆ ಸುತ್ತುವ ರುಮಾಲು. ಚೀಜ್ ಎಂದರೆ ಉರ್ದುವಿನಲ್ಲಿ ವಸ್ತು, ಪದಾರ್ಥ. ಧನರಾಜನ ಕಿವಿಗೆ ಬಿದ್ದದ್ದು ಫೇಟಾ ಎಂಬ ಚೀಜ್.

"ಛೆ ಛೆ! ಅಳಿಯಂದ್ರು ತರೋದೇನ್ರಿ? ನಮ್ಮ ಇಜ್ಜತ್ತಿನ ಮಾತದ. ಜಹೀರಾಬಾದಿನಾಗ ಫೇಟಾ ಸಿಗಲ್ಲೇನು?"

ಸಂಗುವಿಗೆ ಆಶ್ಚರ್ಯವಾಯಿತು. "ಜಹೀರಾಬಾದಿನಾಗ ಸಿಗ್ತದ್ರಿ?"

"ನಮ್ಮಜ್ಜನ ಕಾಲದಿಂದ ಅದ. ಎಷ್ಟು ಬೇಕು, ಹೇಳ್ರಿ."

"ನಮ್ಮ ಕಡಿಂದ ನಲವತ್ತು ಮಂದಿ ಬರ್ತಾರ್ರಿ. ತಲಿಗಿ ಒಂದು ತುಂಡು ಆದ್ರ ಸಾಕು."

"ತಲಿಗಿ ಒಂದು. ಬರೋಬರ್."

"ಆದ್ರ ಮಾಮಾ, ಕುರಿದೇ ಇರಬೇಕ್ರಿ. ಆಕಳದ್ದು ಬ್ಯಾಡ, ಮಜಾ ಬರಲ್ಲ."

ಧನರಾಜ ಒಂದು ಗಳಿಗೆ ತಬ್ಬಿಬ್ಬಾದ. ಆಕಳದ ಫೇಟಾ ಎಂದರೆ ಚರ್ಮದ್ದಿರಬೇಕು, ಶಿವ ಶಿವಾ! ಕುರಿಯದು ಎಂದರೆ ಉಣ್ಣೆಯದು, ಅಷ್ಟೇ. "ಗೊತ್ತದ, ಗೊತ್ತದ. ಆಕಳದ್ದು ನಮ್ಮ ಮನಿ ಹೊಸ್ತಿಲಾ ದಾಟಲ್ಲ."

"ಬೆಳ್ಳಗ ಇರ್ಲಿ. ತಂದ ಮ್ಯಾಲ ಉಪ್ಪು ನೀರಾಗ ಮುಣುಗಿಸಿ ಇಡ್ರಿ. ಒಣಗಿದ್ರ ಕೆಟ್ಟು ಹೋಗ್ತದ. ಫ್ರಿಜ್ಜಿನಾಗ ಇಟ್ರ ಬಹಳ ಛೊಲೋ. ಕಡೀಕ ನಾನೇ ಬಂದು ನನ್ನ ಕೈಯಾರ ಎಲ್ಲರಿಗೂ ಹಾಕ್ತೀನಿ."

ಅಳಿಯನೇ ಕೈಯಾರ ಎಲ್ಲರ ತಲೆಗೂ ಫೇಟಾ ಸುತ್ತುತ್ತಾನೆಂದು ಕೇಳಿ ಧನರಾಜನ ಕಣ್ಣು ತುಂಬಿಬಂತು. ಸೌತೆಕಾಯಿ, ಟೊಮ್ಯಾಟೊ ತರಿಸಿಡಿ ಎಂದೂ ಸಂಗು ಹೇಳಿದ. ಅದು ಊಟದ ಬಾಬತ್ತೆಂದು ಧನರಾಜ ಬೇರೆಯಾಗಿ ನೆನಪಿಟ್ಟುಕೊಂಡ.

ಮನೆಯಲ್ಲಿ ಪ್ರೇಮಲಾ ಹಣೆ ಗಂಟಿಕ್ಕಿದಳು.

"ಈ ಬ್ಯಾಸಿಗ್ಯಾಗ ಉಣ್ಣಿ ಫೇಟಾ? ಅದೂ ಫ್ರಿಜ್ಜಿನಾಗ? ಇನ್ನೊಮ್ಮಿ ಫೋನ್ ಮಾಡಿ ಕೇಳ್ರಿ."

"ಏನಂತ ಕೇಳ್ಲಿ? ಫೇಟಾ ಅಂದ್ರೇನು ಅಂತನಾ? ಬೀಗ್ತಿ ನಗಲ್ಲೇನು? ಬಿಸಿಲಿಗೇ ತಣ್ಣಗ ಮಾಡಿ ಸುತ್ಕೊಳ್ಳೋದು. ಉಪ್ಪು ನೀರು ಯಾಕಂದ್ರ, ಬಣ್ಣ ಬಿಡಬಾರ್ದಂತ. ಇದು ತಾಂಡೂರಿನವರ ಪದ್ಧತಿ."

"ತಾಂಡೂರು ಏನು ದೂರ ದೇಶನಾ? ನಮ್ಮ ಚಿಗವ್ವ ಅಲ್ಲೇ ಇದ್ದಳಲ್ಲ."

"ನಿಮ್ಮ ಚಿಗವ್ವ ಹೆಂಗಸು. ಆಕಿಗ್ಯಾರು ಫೇಟಾ ಸುತ್ತಾರ?" ಎಂದು ಧನರಾಜ ವಾದ ಗೆದ್ದ.

ಮರುದಿನ ಅವನು ಮನೂರಿನ ಕುರಿಗಾರ ಮಾಳಿಂಗಪ್ಪನಿಗೆ ಫೋನು ಹಚ್ಚಿದ. ಮಾಳಿಂಗಪ್ಪ ಅಡವಿಯಲ್ಲಿದ್ದ. ದನಿ ಬಿಟ್ಟುಬಿಟ್ಟು ಬರುತ್ತಿತ್ತು. ಉಣ್ಣೆಯ ಫೇಟಾದ ಮಾತನ್ನು ಅಂಗಡಿಯೊಳಗೇ ಹೇಳಿದ್ದ ಧನರಾಜ, ಉಳಿದದ್ದನ್ನು ಕಟ್ಟೆಯ ಮೇಲೆ ನಿಂತು ಕೂಗಿದ.

"ಮಾಳಿಂಗಪ್ಪಾ! ಕುರಿದೇ ಬೇಕು! ಹ್ಞಾಂ, ಕುರಿದು! ನಲವತ್ತು ತಲಿ! ಬೆಳ್ಳಂದು ನೋಡಿ ಕೊಡು! ಮಗಳ ನಿಶ್ಚಯ ಅದ, ತಾಂಡೂರಿನ ಬೀಗರು ಬರ್ತಾರ!"

ಪಕ್ಕದಲ್ಲೇ ಮಾಣಿಕಪ್ಪನ ಕಿರಾಣಿ ಅಂಗಡಿ. ಊರಿನ ಸುದ್ದಿಯನ್ನು ಬೆಲ್ಲದಂತೆ ಪುಡಿಮಾಡಿ ಹಂಚುವ ಮನುಷ್ಯ. ಚಹದ ಬಟ್ಟಲು ಅವನ ತುಟಿಯ ಹತ್ತಿರ ಬಂದು ನಿಂತೇಬಿಟ್ಟಿತು. ಲಿಂಗಾಯತರ ಮನೆಯ ನಿಶ್ಚಿತಾರ್ಥ. ನಲವತ್ತು ಕುರಿತಲೆ!

ಅಷ್ಟರಲ್ಲಿ ಧನರಾಜನೇ ಅಲ್ಲಿಗೆ ಬಂದ.

"ಮಾಣಿಕಪ್ಪ, ಒಂದು ಚೀಲ ಹಳ್ಳುಪ್ಪು ಕಳಸು."

"ಇಡೀ ಚೀಲ?" ಮಾಣಿಕಪ್ಪ ಬಟ್ಟಲು ಕೆಳಗಿಟ್ಟ. "ಏನು ಮಾಡಾಕ?"

"ನೆನಸಿಡಾಕ. ಇಲ್ಲಾಂದ್ರ ಕೆಡ್ತದಂತ."

ಮಾಣಿಕಪ್ಪ ಉಪ್ಪು ಕಳಿಸಿದ. ಅದರ ಹಿಂದೆಯೇ ಸುದ್ದಿಯನ್ನೂ ಕಳಿಸಿದ. ಜಹೀರಾಬಾದಿನ ಬಸ್ಟ್ಯಾಂಡಿನಲ್ಲಿ ನಲವತ್ತಿದ್ದ ತಲೆಗಳು ಕೊಹೀರಿಗೆ ಹೋಗುವಷ್ಟರಲ್ಲಿ ಎಂಬತ್ತಾದವು. ನಾರಾಯಣಖೇಡಕ್ಕೆ ಮುಟ್ಟಿದಾಗ ಕಾಲಿನ ಸೂಪೂ ಸೇರಿಕೊಂಡಿತ್ತು.

ನಿಶ್ಚಿತಾರ್ಥದ ಹಿಂದಿನ ದಿನ ಟೆಂಪೊದಲ್ಲಿ ಗೋಣಿಚೀಲಗಳು ಬಂದಿಳಿದವು. ಕುರಿಯ ವಾಸನೆ ಓಣಿಯ ಉದ್ದಕ್ಕೂ ಹರಡಿತು. ಮಾಳಿಂಗಪ್ಪ ಬಿಳಿ ಕಂಬಳಿಗಳನ್ನು ಹುಡುಕಿ ಹುಡುಕಿ ಉದ್ದುದ್ದ ಸೀಳಿಸಿ ತಂದಿದ್ದ.

"ಸಾವಕಾರ್ರ, ಕಂಬಳಿ ಹೊದ್ದವರನ್ನ ನೋಡೀನಿ, ಹಾಸಿದವರನ್ನೂ ನೋಡೀನಿ. ಸುತ್ತಿದವರನ್ನ ನೋಡಿಲ್ರಿ" ಎಂದು ಅವನು ಅನುಮಾನದಿಂದಲೇ ಹೋದ.

ಧನರಾಜ ತಾನೇ ಕೂತು ನಲವತ್ತನ್ನೂ ಸುತ್ತಿ ಫೇಟಾ ಮಾಡಿ, ದಾರದಿಂದ ಟಾಕು ಹಾಕಿ, ಉಪ್ಪುನೀರಿನ ಡ್ರಮ್ಮಿನಲ್ಲಿ ಮುಳುಗಿಸಿದ. ಫ್ರಿಜ್ಜಿನಿಂದ ಹಾಲು, ಮೊಸರು, ದೋಸೆ ಹಿಟ್ಟು, ಮಾವಿನಕಾಯಿ ಎಲ್ಲ ಹೊರಗೆ ಬಂದವು. ಫೇಟಾಗಳು ಒಳಗೆ ಹೋದವು. ಹಿಡಿಸದೇ ಉಳಿದವುಗಳ ಮೇಲೆ ಬರ್ಫ ಸುರಿಯಲಾಯಿತು. ಪ್ರೇಮಲಾ ಒಡೆದುಹೋದ ಹಾಲನ್ನು ಚೆಲ್ಲಿ ಪಾತ್ರೆ ಕುಕ್ಕಿದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಕೊಹೀರಿನಿಂದ ಶಾಂತಪ್ಪ ಕಾಕಾ ಬಂದ. ಧನರಾಜನ ತಂದೆಯ ತಮ್ಮ, ಮನೆತನಕ್ಕೆ ಹಿರಿಯ. ಲಿಂಗಪೂಜೆ ಆಗದೆ ನೀರು ಕುಡಿಯದವನು. ಅವನು ಕೂರದ ಪಂಕ್ತಿಯಲ್ಲಿ ಆ ಬಳಗದ ಯಾರೂ ಕೂರುವುದಿಲ್ಲ. ಕಾಕಾ ಒಳಗೆ ಬರಲಿಲ್ಲ. ಚಪ್ಪರದ ಕೆಳಗೇ ನಿಂತ.

"ಧನ್ಯಾ, ಕುರಿ ಹೇಳಿದ್ದಿ ಅಂತ ಕೇಳೀನಿ. ಸುಳ್ಳದ ಅಂತ ಹೇಳು. ಹೇಳಿದ್ರ ಒಳಗ ಬರ್ತೀನಿ."

ಗುಟ್ಟು ಹೊರಬಿದ್ದಿತೆಂದು ಧನರಾಜನಿಗೆ ಸ್ವಲ್ಪ ಬೇಸರವಾಯಿತು. ಆದರೂ ನಕ್ಕ.

"ಖರೇ ಅದ ಕಾಕಾ. ತಾಂಡೂರಿನವರೇ ಕೇಳ್ಯಾರ. ಕುರಿದೇ ಬೇಕಂತ."

"ತಾಂಡೂರಿನವರೇ?" ಕಾಕಾ ಚಪ್ಪರದ ಕಂಬ ಹಿಡಿದುಕೊಂಡ. "ಎಲ್ಲಿಟ್ಟೀದಿ?"

"ಫ್ರಿಜ್ಜಿನಾಗ. ಉಪ್ಪು ಹಚ್ಚಿ ತಣ್ಣಗ ಇಟ್ಟೀನಿ. ಅಳಿಯಾನೇ ಬಂದು ತನ್ನ ಕೈಯಾರ ಹಾಕ್ತಾನಂತ."

"ಲಿಂಗ ಕಟ್ಟಿದ ಮಂದಿಗಿ?"

ಉಣ್ಣೆಗೆ ಕಾಕಾ ಇಷ್ಟೇಕೆ ಹೆದರುತ್ತಾನೆಂದು ಧನರಾಜನಿಗೆ ತಿಳಿಯಲಿಲ್ಲ. ಸಮಾಧಾನ ಮಾಡಲು ಹೋದ. "ಅದ್ರಾಗ ಮೈಲಿಗಿ ಏನದ ಕಾಕಾ? ನಮ್ಮ ಮಠದ ಅಯ್ಯನೋರು ಚಳಿಗಾಲದಾಗ ದಿನಾ ಅದ್ರ ಮ್ಯಾಲೇ ಇರ್ತಾರಲ್ಲ!"

ಕಾಕಾ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ. ತೆರೆದಾಗ ಅವು ಕೆಂಪಾಗಿದ್ದವು.

"ನಾ ಈ ಬಾಗಿಲದಾಗ ಕೂಡ್ತೀನಿ. ಬೀಗರು ಬರ್ಲಿ. ನಾ ಇರೋತನ ಈ ಸಂಬಂಧ ಆಗಲ್ಲ."

ಅವನು ನಿಜವಾಗಿಯೂ ಕುರ್ಚಿ ಎಳೆದುಕೊಂಡು ಗೇಟಿಗೆ ಅಡ್ಡ ಕೂತ. ಬಂದ ನೆಂಟರೆಲ್ಲ ಒಳಗೆ ಹೋಗುವುದೋ ಹೊರಗೆ ನಿಲ್ಲುವುದೋ ತಿಳಿಯದೆ ಗೋಡೆಯ ನೆರಳಲ್ಲಿ ಸಾಲಾಗಿ ನಿಂತರು. ಮಾಣಿಕಪ್ಪ ಅಂಗಡಿ ಮುಚ್ಚಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಅಡುಗೆಯವರ ಒಲೆಯಲ್ಲಿ ಬೇಳೆ ಕುದಿಯುತ್ತಿತ್ತು, ಯಾರೂ ಕೈಯಾಡಿಸುತ್ತಿರಲಿಲ್ಲ. ಪ್ರೇಮಲಾ ಗಂಡನನ್ನು ಮೂಲೆಗೆ ಕರೆದು ಕೇಳಿದಳು: "ಕಾಕಾ ಯಾಕ ಸಿಟ್ಟಾಗ್ಯಾರ?"

"ಗೊತ್ತದ," ಎಂದ ಧನರಾಜ. "ಅವರಿಗೊಂದು ಮೊದಲೇ ಸುತ್ತಬೇಕಾಗಿತ್ತು."

ಅಷ್ಟರಲ್ಲಿ ತಾಂಡೂರಿನ ಬಸ್ಸು ಓಣಿಯ ಬಾಯಿಗೆ ಬಂದು ನಿಂತಿತು. ಮೊದಲು ಇಳಿದವನು ಸಂಗು. ಅವನಿಗೆ ಅಡುಗೆಯ ಧ್ಯಾನ. ಚೀಲದಿಂದ ಬಿಳಿ ಏಪ್ರನ್ ತೆಗೆದು ಕಟ್ಟಿಕೊಂಡು, ಮೊಳದುದ್ದದ ಚಾಕು ಹಿಡಿದು, ಹಿರಿಯರಿಗೆ ಶರಣು ಮಾಡಿ, ಹಿತ್ತಲ ಬಾಗಿಲಿನಿಂದ ಅಡುಗೆಮನೆ ಹೊಕ್ಕ.

"ನೋಡ್ರಿ! ಚಾಕು ಹಿಡಕೊಂಡೇ ಬಂದಾನ!" ಮಾಣಿಕಪ್ಪ ಕಿರುಚಿದ.

ಶಕುಂತಲಾಬಾಯಿ ಇಳಕಲ್ ಸೀರೆಯ ಸೆರಗು ಸರಿಪಡಿಸುತ್ತ ಗೇಟಿಗೆ ಬಂದಳು. ಕುರ್ಚಿಯಲ್ಲಿದ್ದ ಮುದುಕ ಏಳಲಿಲ್ಲ.

"ಶರಣ್ರಿ. ದಾರಿ ಬಿಡ್ತೀರೇನು?"

"ಬಿಡಲ್ಲ," ಎಂದ ಕಾಕಾ. "ನಿಮ್ಮ ಮನಿತನದಾಗ ಏನು ತಿಂತೀರೋ ಅದು ನಿಮ್ಮ ಕರ್ಮ. ನಮ್ಮ ಮನಿಗಿ ಬಂದು ನಲವತ್ತು ಕುರಿ ತಲಿ ಕೇಳಾಕ ನಿಮಗ ನಾಚಿಕಿ ಬರ್ಲಿಲ್ಲೇನ್ರಿ?"

ಬಸ್ಸಿನಿಂದ ಇಳಿಯುತ್ತಿದ್ದವರು ಮೆಟ್ಟಿಲ ಮೇಲೇ ನಿಂತರು. ಶಕುಂತಲಾಬಾಯಿಯ ಮುಖ ತಾಂಡೂರಿನ ಕಲ್ಲಿನಂತಾಯಿತು.

"ಯಾರು ಕೇಳ್ಯಾರ?"

"ನಿಮ್ಮ ಮಗ."

"ಸಂಗೂ!" ಆಕೆ ಕೂಗಿದ ದನಿಗೆ ಚಪ್ಪರ ಅದುರಿತು. "ಹೊರಗ ಬಾ! ಡ್ರೈವರ್, ಗಾಡಿ ತಿರುಗಸು!"

ಆ ಹೊತ್ತಿಗೆ ಸಂಗು ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದ. ಒಳಗೆ ಒಂದರ ಮೇಲೊಂದು ಫೇಟಾಗಳು. ಒಂದರಿಂದ ನೀರು ತೊಟ್ಟಿಕ್ಕಿ ಅವನ ಬೂಟಿನ ಮೇಲೆ ಬೀಳುತ್ತಿತ್ತು. ಪಕ್ಕದಲ್ಲಿ ಧನರಾಜ ಹೆಮ್ಮೆಯಿಂದ ಎದೆಯುಬ್ಬಿಸಿದ್ದ. ಹಿಂದೆ ಪ್ರೇಮಲಾ, ಬಾಗಿಲ ಮರೆಯಲ್ಲಿ ಶಿವಕಾಂತಾ.

"ಮಾಮಾ, ಇವು ಏನ್ರಿ?"

"ಫೇಟಾ. ನೀವು ಹೇಳಿದ ಹಾಂಗೇ. ಕುರಿದು, ಬೆಳ್ಳಂದು, ಉಪ್ಪು ನೀರಾಗ. ಒಂದೂ ಒಣಗಿಲ್ಲ, ಮುಟ್ಟಿ ನೋಡ್ರಿ."

ಸಂಗು ಮುಟ್ಟಿ ನೋಡಿದ. ತಾನು ಆಡಿದ ಮಾತನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡ. ತಲಿಗಿ ಒಂದು ತುಂಡು. ಕೈಯಾರ ಹಾಕ್ತೀನಿ. ಹೊರಗಿನಿಂದ ತಾಯಿಯ ಕೂಗು ಇನ್ನೊಮ್ಮೆ ಕೇಳಿತು. ಬಸ್ಸಿನ ಇಂಜಿನು ಗುರ್ ಎಂದಿತು.

ಬಾಗಿಲ ಮರೆಯಿಂದ ಶಿವಕಾಂತಾ ಮುಂದೆ ಬಂದಳು. ಅವಳು ಅವನೊಡನೆ ಮಾತಾಡುತ್ತಿದ್ದುದು ಅದೇ ಮೊದಲು.

"ನೀವು ಕೇಳಿದ್ದು ತಿನ್ನೋದಿತ್ತೇನ್ರಿ?"

ಸಂಗು ಹೌದೆಂದು ತಲೆಯಾಡಿಸಿದ. ಧನರಾಜ ಒಮ್ಮೆ ಮಗಳನ್ನು ನೋಡಿದ, ಒಮ್ಮೆ ಫ್ರಿಜ್ಜನ್ನು ನೋಡಿದ. ಗೋಡೆ ಹಿಡಿದು ನಿಂತ.

"ಈಗ ಅದನ್ನ ಮರತುಬಿಡ್ರಿ," ಎಂದಳು ಶಿವಕಾಂತಾ. ಮೇಲಿನ ಫೇಟಾ ಎತ್ತಿ ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು. "ಇದನ್ನ ತಲಿ ಮ್ಯಾಲ ಇಟ್ಕೊಂಡು ಹೊರಗ ಹೋಗ್ರಿ. ಇಲ್ಲಾಂದ್ರ ನಮ್ಮಪ್ಪ ಈ ಊರಾಗ ತಲಿ ಎತ್ತಿ ತಿರುಗಲ್ಲ. ನಿಮ್ಮ ಗಾಡಿನೂ ಹೋಗ್ತದ."

ಸಂಗು ಅವಳನ್ನು ನೋಡಿದ. ಫೇಟಾದ ವಾಸನೆ ಮೂಗಿಗೆ ಬಡಿಯಿತು. ಮತ್ತೆ ಅವಳನ್ನು ನೋಡಿದ. ಆಮೇಲೆ ಚಾಕು ಕೆಳಗಿಟ್ಟು ತಲೆ ಬಾಗಿಸಿದ.

ಗೇಟಿನ ಬಳಿ ಜನ ಎರಡು ಗುಂಪಾಗಿದ್ದರು. ಎಲ್ಲರ ನಡುವೆ ಸಂಗು ಬಂದು ನಿಂತ. ತಲೆಯ ಮೇಲೆ ಗಡಿಗೆಯಷ್ಟು ದೊಡ್ಡ ಬಿಳಿ ಫೇಟಾ. ಅದರಿಂದ ನೀರು ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಏಪ್ರನ್ನಿಗೆ ಹರಿಯುತ್ತಿತ್ತು.

"ಅವ್ವಾ, ಇದೇರಿ ನಾ ಕೇಳಿದ್ದು. ಕುರಿ ಉಣ್ಣಿ ಫೇಟಾ. ನಮ್ಮ ಮಂದಿ ಎಲ್ಲರಿಗೂ ತಲಿಗೊಂದು ಮಾಡಿಸ್ಯಾರ ಮಾಮಾ."

ಕಾಕಾ ಕುರ್ಚಿಯಿಂದ ಎದ್ದ.

"ಹಂಗಾದ್ರ ಕುರಿ ತಲಿ?"

"ಯಾವ ಕುರಿ ತಲಿ ಕಾಕಾ?" ಹಿಂದೆ ಬಂದ ಧನರಾಜನ ದನಿ ಅಳುವಂತಿತ್ತು. "ಕುರಿ ಉಣ್ಣಿ. ನಲವತ್ತು ಮಂದಿ ತಲಿಗಿ."

ಕಾಕಾ ನಿಧಾನವಾಗಿ ಮಾಣಿಕಪ್ಪನ ಕಡೆ ತಿರುಗಿದ. ಅಲ್ಲಿ ಮಾಣಿಕಪ್ಪ ಇರಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಒಂದು ಚಪ್ಪಲಿ ಮಾತ್ರ ಇತ್ತು.

ಆದರೆ ಶಕುಂತಲಾಬಾಯಿ ಇನ್ನೂ ನಕ್ಕಿರಲಿಲ್ಲ. ಆಕೆ ಮಗನ ಸುತ್ತ ಒಂದು ಸುತ್ತು ಬಂದಳು. ಫೇಟಾವನ್ನು ಬೆರಳಿನಿಂದ ಒತ್ತಿದಳು. ನೀರು ಚಿಮ್ಮಿತು.

"ಹಸಿ ಯಾಕದ?"

"ತಾಜಾ ಅದವ್ವಾ," ಎಂದ ಸಂಗು.

ಬಸ್ಸಿನ ಇಂಜಿನು ಗುರುಗುಟ್ಟುತ್ತಲೇ ಇತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಷ್ಟು ಕಡಿ ಹೆಣ್ಣು ನೋಡೀನಿ. ಒಬ್ಬರಾದ್ರೂ ನಮ್ಮ ಡ್ರೈವರಿಗೆ ಸೈತ ಫೇಟಾ ಸುತ್ತಾಕ ನೆನಸಿಲ್ಲ. ಏ ಡ್ರೈವರ್, ಗಾಡಿ ಬಂದ್ ಮಾಡು. ಇಳಿರಿ ಎಲ್ಲರೂ, ತಲಿ ಕೊಡ್ರಿ!"

ತಪ್ಪು ತಿಳಿದುಕೊಂಡದ್ದಕ್ಕೆ ಪ್ರಾಯಶ್ಚಿತ್ತವೆಂದು ಮೊದಲ ಫೇಟಾವನ್ನು ಕಾಕಾನೇ ಕೇಳಿ ಸುತ್ತಿಸಿಕೊಂಡ. ಸಂಗು ಮಾತಿಗೆ ತಪ್ಪದೆ ಒಬ್ಬೊಬ್ಬರಿಗೂ ಕೈಯಾರ ಹಾಕಿದ. ಹೊರಗೆ ಕೆಂಡದಂಥ ಬಿಸಿಲು. ತಲೆಯ ಮೇಲೆ ಬರ್ಫದಂಥ ಉಣ್ಣೆ. ಮೊದಮೊದಲು ಎಲ್ಲರೂ ಆಹಾ ಎಂದರು. ಆಮೇಲೆ ಉಪ್ಪುನೀರು ಕಣ್ಣಿಗೆ ಇಳಿಯತೊಡಗಿತು. ಉಂಗುರ ತೊಡಿಸುವ ಹೊತ್ತಿಗೆ ಫೇಟಾ ತೊಟ್ಟ ಗಂಡಸರೆಲ್ಲ ಧಾರಾಕಾರವಾಗಿ ಕಣ್ಣೀರು ಸುರಿಸುತ್ತಿದ್ದರು. ಅಷ್ಟು ಜನ ಗಂಡಸರು ಅತ್ತ ನಿಶ್ಚಿತಾರ್ಥವನ್ನು ಜಹೀರಾಬಾದು ಕಂಡಿರಲಿಲ್ಲ. ಹುಡುಗನ ಕಡೆಯವರು ಎಷ್ಟು ಅಂತಃಕರಣದವರೆಂದು ಹೆಂಗಸರು ಮೆಚ್ಚಿ ತಾವೂ ಅತ್ತರು. ಸೌತೆಕಾಯಿ, ಟೊಮ್ಯಾಟೊಗಳನ್ನು ಸುಮ್ಮನೆ ಕೋಸಂಬರಿ ಮಾಡಿ ಬಡಿಸಲಾಯಿತು. ಹೋಳಿಗೆಗಿಂತ ಮುಂಚೆಯೇ ತುಪ್ಪ ಬಂತು.

ಹೊರಡುವ ಹೊತ್ತು. ಎಲ್ಲರೂ ಬಸ್ಸು ಹತ್ತುತ್ತಿದ್ದರು. ಸಂಗು ಫೇಟಾ ತೆಗೆದು ಕಂಕುಳಲ್ಲಿಟ್ಟುಕೊಂಡು ಹಣೆ ಕೆರೆಯುತ್ತ ನಿಂತಿದ್ದ. ಧನರಾಜ ಅವನನ್ನು ಬೇವಿನ ಮರದ ಹಿಂದಕ್ಕೆ ಕರೆದೊಯ್ದ. ಆ ಕಡೆ ಈ ಕಡೆ ನೋಡಿ, ಹುಟ್ಟಿದಾಗಿನಿಂದ ಯಾರನ್ನೂ ಕೇಳದಿದ್ದ ಮಾತನ್ನು ಕೇಳಿದ.

"ಅಳಿಯಂದ್ರ, ಅದು ಖರೇ ಏನಿತ್ರಿ?"

ಸಂಗು ಹೇಳಿದ. ಕುರಿ ಹಾಲಿನ ಚೀಸ್ ಎಂದ. ಒಮ್ಮೆ ಕಟ್ಟೆ ಒಡೆದ ಮೇಲೆ ಧನರಾಜನ ಪ್ರಶ್ನೆಗಳು ನಿಲ್ಲಲಿಲ್ಲ.

"ಬೆಂಕಿಗಿಟ್ರ ಕರಗ್ತದೇನು?"

"ಇಲ್ರಿ, ಮೆತ್ತಗಾಗ್ತದ ಅಷ್ಟೇ."

"ಉಪ್ಪು ಜಾಸ್ತಿ ಆಗಿದ್ರ?"

"ಜರಾ ಸಾದಾ ನೀರಾಗ ಬಿಡಬೇಕ್ರಿ."

"ಅದ್ರ ಬದಲು ಪನೀರ್ ಹಾಕಿದ್ರ ನಡೀತಿತ್ತೇನು?"

"ನಡೀತಿತ್ರಿ ಮಾಮಾ," ಎಂದು ಸಂಗು ನಿಟ್ಟುಸಿರುಬಿಟ್ಟ.

"ಮತ್ತ ಹೆಪ್ಪಿಗೆ ಏನು ಹಾಕ್ತಾರ? ಮಜ್ಜಿಗಿನಾ?"

"ಬರೇ ಮಜ್ಜಿಗಿ ಸಾಲಲ್ರಿ. ಅದಕ್ಕ ಬ್ಯಾರೇ ಹೆಪ್ಪದ. ಹಾಲು ಕುಡಿಯೋ ಸಣ್ಣ ಮರಿ ಇರ್ತದಲ್ಲ, ಅದರ ಹೊಟ್ಟಿ ಒಳಗಿಂದ ತೆಗೆದು..."

ಸಂಗುವಿನ ಮಾತು ಅಲ್ಲೇ ನಿಂತಿತು. ಹೋಟೆಲಿನಲ್ಲಿ ದಿನವೂ ನೂರು ಜನರಿಗೆ ವಿವರಿಸುವ ಸಂಗತಿ. ಎಲ್ಲಿ, ಯಾರ ಮನೆಯ ಮುಂದೆ ಹೇಳುತ್ತಿದ್ದೇನೆಂದು ಆಗ ಹೊಳೆಯಿತು.

"ಯಾವ ಮರಿ?" ಧನರಾಜ ಪಿಸುಗುಟ್ಟಿದ.

"ಕುರಿ ಮರಿರಿ."

"ಜೀವಂತ ಇದ್ದದ್ದು?"

ಸಂಗು ನೆಲ ನೋಡಿದ. "ಅದಿಲ್ಲದ್ದೂ ಬರ್ತದ್ರಿ ಮಾಮಾ. ಡಬ್ಬಿ ಮ್ಯಾಲ ಹಸರು ಚುಕ್ಕಿ ಇರ್ತದ, ಅದನ್ನ ನೋಡಿ ತರ್ರಿ ಅಂತ ನಿಮಗ ಹೇಳಬೇಕಂತಿದ್ದೆ... ಮರತೇಬಿಟ್ಟೆನ್ರಿ."

ಇಬ್ಬರೂ ಮರದ ಹಿಂದಿನಿಂದ ಇಣುಕಿದರು. ಗೇಟಿನಲ್ಲಿ ಶಾಂತಪ್ಪ ಕಾಕಾ ಹೋಗುವವರಿಗೆಲ್ಲ ವಿಭೂತಿ ಹಚ್ಚಿ ಹರಸುತ್ತಿದ್ದ. ಪಕ್ಕದಲ್ಲಿ ಶಕುಂತಲಾಬಾಯಿ ಅವನ ಪಾದ ಮುಟ್ಟುತ್ತಿದ್ದಳು. ಕಾಕಾನ ಕಣ್ಣು ಮರದ ಕಡೆ ತಿರುಗಿತು.

"ಏನ್ರಪಾ ಅದು, ಮಾವ-ಅಳಿಯಂದು ಗುಸುಗುಸು?"

"ಏನಿಲ್ಲ ಕಾಕಾ!" ಧನರಾಜನ ದನಿ ಸೀಳಿತು. "ಫೇಟಾ ಹ್ಯಾಂಗ ಸುತ್ಕೋಬೇಕಂತ ಕೇಳಾಕತ್ಯಾರ!"

ಸಂಗು ಕಂಕುಳಲ್ಲಿದ್ದ ಹಸಿ ಫೇಟಾ ತೆಗೆದು, ಎರಡೂ ಕೈಯಿಂದ ಹುಬ್ಬಿನವರೆಗೆ ಎಳೆದು ಕೂರಿಸಿಕೊಂಡ. ಹಾಗೇ ಹೋಗಿ ಕಾಕಾನ ಮುಂದೆ ಬಾಗಿದ, ಹಾಗೇ ಬಸ್ಸು ಹತ್ತಿದ. ತಾಂಡೂರು ಮುಟ್ಟುವವರೆಗೂ ಅದನ್ನು ತೆಗೆಯಲೇ ಇಲ್ಲವಂತೆ.